ಹೋತು ಅಂದರೆ ಸಿಕ್ಸೋ ಔಟೋ

ನಾನು ನಿವೃತ್ತನಾದ ದಿನ ಯಾರೂ ಶಾಲು ಹೊದಿಸಲಿಲ್ಲ, ಗೋಡೆ ಗಡಿಯಾರವನ್ನೂ ಕೊಡಲಿಲ್ಲ. ಸುರಪುರದ ಮ್ಯಾಚ್ ಮುಗಿಸಿ ಬಂದ ಮೇಲೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಖಾಜಾ ಭಾಯ್ ಅರ್ಧ ಕಪ್ ಚಹಾ ಕುಡಿಸಿ, "ಸಾಕ್ ಬಿಡು ಬೇಟಾ, ಇನ್ನ ಪಿಯುಸಿ ಪಾಸಾಗು" ಅಂದರು. ಅದೇ ನನ್ನ ಬೀಳ್ಕೊಡುಗೆ ಸಮಾರಂಭ. ಆಗ ನನಗೆ ಹದಿನೆಂಟು ವರ್ಷ. ನಮ್ಮಪ್ಪ ಇನ್ನೂ ಸರ್ವೀಸಿನಲ್ಲಿದ್ದಾರೆ. ಮಗ ತನಗಿಂತ ಮೊದಲೇ ನಿವೃತ್ತನಾದ ಎಂಬ ಹೊಟ್ಟೆಕಿಚ್ಚು ಅವರಿಗೆ ಇವತ್ತಿಗೂ ಇದೆ.

ನನ್ನ ಕೆಲಸ ಟೆನಿಸ್ ಬಾಲ್ ಕ್ರಿಕೆಟ್ಟಿನ ಕಾಮೆಂಟ್ರಿಯಾಗಿತ್ತು. ಭತ್ತ ಕೊಯ್ದ ಗದ್ದೆಯಲ್ಲಿ ಕೂಳೆ ಕಿತ್ತು ಪಿಚ್ ಮಾಡಿ ಆಡುವ ಟೂರ್ನಮೆಂಟುಗಳಿರುತ್ತವಲ್ಲ, ಅಲ್ಲಿ ಶಾಮಿಯಾನದ ಕೆಳಗೆ ಕೂತು ಬಾಯಿ ಬಡಿದುಕೊಳ್ಳುತ್ತಿದ್ದವನು ನಾನೇ. ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತು ಹಡೆದರೆಂದು ಮನೆಯವರು ನನಗೆ ಮೌನೇಶ ಎಂದು ಹೆಸರಿಟ್ಟರು. ದೇವರ ಹೆಸರು ಬಂತು, ಗುಣ ಬರಲಿಲ್ಲ. ನಾನು ಹುಟ್ಟಿದ ದಿನ ಅತ್ತದ್ದು ಆಸ್ಪತ್ರೆಯ ಹೊರಗೆ ನಿಂತಿದ್ದ ಟಾಂಗಾದ ಕುದುರೆ ಹೆದರಿ ಓಡುವಷ್ಟು ಜೋರಾಗಿತ್ತಂತೆ. ಆಗ ಶಹಾಪುರದಲ್ಲಿ ಟಾಂಗಾ ಇತ್ತೇ ಎಂದು ಕೇಳಬೇಡಿ. ಅಜ್ಜಿ ಹೇಳಿದ್ದು.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ತಮ್ಮಂದಿರು ಸುರಪುರ, ಕೆಂಭಾವಿ ಕಡೆ ಒಬ್ಬಿಬ್ಬರು ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಬೇಡ. ವೈರು ಸುತ್ತುತ್ತಿದ್ದವನು ಮೈಕು ಹಿಡಿದದ್ದು ಹೇಗೆಂದರೆ, ನನಗಿಂತ ಮೊದಲು ಮೈಕು ಹಿಡಿಯುತ್ತಿದ್ದವನಿಗೆ ಮದುವೆ ನಿಶ್ಚಯವಾಯಿತು, ಅಷ್ಟೇ. ಇನ್ನು ಉಪದೇಶ ಅಂದರೆ, ಮೈಕಿನ ಮುಂದೆ ಕೂರುವ ಮೊದಲು ಮಿರ್ಚಿ ಭಜಿ ತಿನ್ನಬೇಡಿ. ಬಿಕ್ಕಳಿಕೆ ಬಂದರೆ ಅದು ನಿಮ್ಮದಾಗಿ ಉಳಿಯುವುದಿಲ್ಲ. ಒಮ್ಮೆ ನಾನು ಬಿಕ್ಕಿದ್ದಕ್ಕೆ ಅಂಪೈರ್ ಕೈ ಚಾಚಿ ನೋ ಬಾಲ್ ಕೊಟ್ಟುಬಿಟ್ಟಿದ್ದ. ಎರಡೂ ಕಡೆಯವರು ಒಪ್ಪಿಕೊಂಡರು, ಯಾಕೆಂದರೆ ಭೋಂಗಾದಲ್ಲಿ ಬಂದದ್ದು ಸುಳ್ಳಾಗಲಾರದು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ.

ಭೋಂಗಾ ಅಂದರೆ ಕಂಬಕ್ಕೆ ಕಟ್ಟುವ, ಕಹಳೆಯಂಥ ಬಾಯಿಯ ಸ್ಪೀಕರು. ನಮ್ಮ ತಾಲ್ಲೂಕಿನ ಅರ್ಧ ಭೋಂಗಾಗಳು ಖಾಜಾ ಭಾಯ್‌ದವು. ನನ್ನ ಮೇಲಧಿಕಾರಿಯೂ ಅವರೇ. ಅವರಿಗೆ ಕ್ರಿಕೆಟ್ ಗೊತ್ತಿಲ್ಲ. ಮದುವೆಗೂ ಉರುಸಿಗೂ ಚುನಾವಣೆಗೂ ಅದೇ ಸಾಮಾನು ಒಯ್ಯುತ್ತಿದ್ದ ಅವರಿಗೆ ಕ್ರಿಕೆಟ್ ಎಂದರೆ ಊಟ ಹಾಕದ ಮದುವೆ. ಮೊದಲ ದಿನ ಮೈಕು ಕೈಗೆ ಕೊಡುವಾಗ ಅದನ್ನು ಅಂಗಿಯ ತುದಿಯಿಂದ ಒರೆಸಿ ಹೇಳಿದ್ದರು: "ಇದು ಅಮಾನತ್ ಅದ ಬೇಟಾ, ನಂಬಿ ಕೊಟ್ಟಿದ್ದು. ಇದರಾಗ ಆಡಿದ ಮಾತು ನಿನ್ನ ಬಾಯಾಗ ಉಳಿಯಂಗಿಲ್ಲ. ಮಂದಿ ಕಿವಿಯಾಗ ಉಳೀತದ."

ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಮಂದಿಯ ಕಿವಿಯಲ್ಲಿ ಉಳಿಯಲಿ ಎಂದೇ ನನ್ನದೊಂದು ಗುರುತಿನ ಮಾತು ಮಾಡಿಕೊಂಡೆ. ಅದೇ "ಹೋತು".

ದಕ್ಷಿಣದವರು ಹೋಯಿತು ಅನ್ನುವುದಕ್ಕೆ ನಾವು ಹೋತು ಅನ್ನುತ್ತೇವೆ. ನಮ್ಮ ಕಡೆ ಏನು ಹೋದರೂ ಹೋತೇ. ಬಸ್ಸು ಹೋತು, ಕರೆಂಟ್ ಹೋತು, ಮರ್ಯಾದಿ ಹೋತು. ಚೆಂಡು ಮೇಲಕ್ಕೆ ಹಾರಿದ ಕೂಡಲೇ ನಾನು ಶುರು ಮಾಡುತ್ತಿದ್ದೆ: "ಹೋತ್... ಹೋತ್... ಹೋತು." ಚೆಂಡು ಎಷ್ಟು ಹೊತ್ತು ಗಾಳಿಯಲ್ಲಿರುತ್ತದೋ ಅಷ್ಟು ಹೊತ್ತು ಆ ಮಾತನ್ನು ಉಂಡಿ ಪಾಕದ ಹಾಗೆ ಎಳೆಯುವುದು. ಗಡಿ ದಾಟಿದರೆ ಕೊನೆಗೆ "ಸಿಕ್ಸು" ಎಂದು ಸೇರಿಸುವುದು, ಹಿಡಿದರೆ "ವಿಕೆಟ್ಟು" ಎಂದು ಸೇರಿಸುವುದು. ಹೋದದ್ದು ಚೆಂಡೋ ಬ್ಯಾಟ್ಸ್‌ಮನ್ನೋ ಎಂದು ತಿಳಿಯಲು ಜನ ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಒಮ್ಮೆ ಬಾಯಿ ತೆರೆದಿದ್ದ ಒಬ್ಬ ಅಜ್ಜನ ಕಟ್ಟಿಸಿದ ಹಲ್ಲು ಸಾಲು ಜಾರಿ ಬಿದ್ದಿತ್ತು. ಅದು ಬಿದ್ದದ್ದೂ ನಾನು ಹೋತು ಅನ್ನುವುದೂ ಒಂದೇ ಆಯಿತು.

ಈಗ ಬೀರಪ್ಪನ ವಿಷಯಕ್ಕೆ ಬರುತ್ತೇನೆ. ಬೀರಪ್ಪ ನನ್ನ ಗೆಳೆಯ, ಕೆಂಭಾವಿ ತಂಡದ ಎಡಗೈ ಬೌಲರ್. ಕುರಿ ಸಾಕುವ ಮನೆತನ ಅವರದು. ಅಪ್ಪ ಇಲ್ಲ. ಅಣ್ಣ ಮಾಳಪ್ಪನೇ ಯಜಮಾನ. ಮಾಳಪ್ಪ ಸಿಟ್ಟು ಮಾಡುವವನಲ್ಲ. ಸಿಟ್ಟು ಬರುವ ಮೊದಲೇ ತೀರ್ಮಾನ ಕೊಟ್ಟುಬಿಡುವವನು. ತಮ್ಮ ಆಟಕ್ಕೆ ಹೊರಟ ಮೊದಲ ಸಲ ಅವನು ಹಾಕಿದ ಕರಾರು ಒಂದೇ: "ಆಡು. ಆದ್ರ ಜೂಜಿನ ಮಾತಿನಾಗ ನಮ್ಮ ಮನಿತನದ ಹೆಸರು ಕಿವಿಗಿ ಬಿತ್ತಂದ್ರ, ಅವತ್ತೇ ಚೆಂಡು ಒಗದು ಕುರಿ ಕಾಯೋ ಕೋಲು ಹಿಡೀಬೇಕು." ಅವರ ಸೋದರಮಾವನೊಬ್ಬ ಇಸ್ಪೀಟಿನಲ್ಲಿ ಮನೆತನದ ಮಾನ ಕಳೆದಿದ್ದನಂತೆ. ಅದಕ್ಕೆ ಆ ಕರಾರು.

ಬೀರಪ್ಪನಿಗೆ ಆಟ ಬಿಟ್ಟರೆ ಬೇರೆ ಶೋಕಿ ಇರಲಿಲ್ಲ. ಕುರಿ ಕಾಯುವಾಗಲೂ ಬಂಡೆಗೆ ಚೆಂಡು ಎಸೆಯುತ್ತ ಇರುತ್ತಿದ್ದ. ಅವನ ಕುರಿಗಳಿಗೆ ಯಾರ್ಕರ್ ಯಾವುದು, ಬೌನ್ಸರ್ ಯಾವುದು ಎಂದು ತಿಳಿಯುತ್ತಿತ್ತು. ಬೌನ್ಸರ್ ಹಾಕಿದರೆ ತಲೆ ಬಗ್ಗಿಸುತ್ತಿದ್ದವು. ನಾನೇ ಕಣ್ಣಾರೆ ನೋಡಿದ್ದೇನೆ.

ನಾನು ಸೇವೆಗೆ ಸೇರಿ ಒಂದೆರಡು ವರ್ಷಕ್ಕೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಟೂರ್ನಮೆಂಟ್ ಎಂದರೆ ಊರವರಿಂದ ಎತ್ತಿದ ಪಟ್ಟಿ ಹಣ, ಒಂದು ಕಪ್ಪು, ತಿನ್ನಲು ಒಂದಿಷ್ಟು ಮಂಡಕ್ಕಿ ಸುಸಲಾ. ಒಂದು ದಿನ ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಇಳಿದು ಒಬ್ಬ ಸಾಹೇಬ ಬಂದ. ಕೊರಳಲ್ಲಿ ಪಟ್ಟಿ, ಪಟ್ಟಿಯಲ್ಲಿ ಕಾರ್ಡು, ಕಾರ್ಡಿನಲ್ಲಿ ಅವನದೇ ಫೋಟೊ. ತಾನು ಯಾರೆಂಬುದು ಮರೆತುಹೋಗುವ ಕಾಯಿಲೆ ಇರಬೇಕು ಎಂದುಕೊಂಡೆ. ಅವನದು ಮೊಬೈಲಿನಲ್ಲಿ ದುಡ್ಡು ಹಾಕಿ ಆಡುವ ಆ್ಯಪ್ ಕಂಪನಿ. ಹೆಸರು ಬರೆಯುವುದಿಲ್ಲ, ಪುಕ್ಕಟೆ ಪ್ರಚಾರ ಮಾಡಿ ಸಾಕಾಗಿದೆ. ಕಪ್ಪು ನಮ್ಮದು, ಜರ್ಸಿ ನಮ್ಮದು, ಕ್ಯಾಮೆರಾ ಇಟ್ಟು ಮ್ಯಾಚನ್ನು ಮೊಬೈಲಿನಲ್ಲಿ ತೋರಿಸುವುದೂ ನಮ್ಮದು ಎಂದ. ಜನ ಕೂತಲ್ಲೇ ಮುಂದಿನ ಚೆಂಡಿಗೆ ಏನಾಗುತ್ತದೆ ಎಂದು ದುಡ್ಡು ಕಟ್ಟಬಹುದು, ಬೇರೆ ಬೇರೆ ಊರಿನ ಆಟಗಾರರನ್ನು ಆರಿಸಿ ತಮ್ಮದೇ ಟೀಮ್ ಮಾಡಿಕೊಂಡೂ ಕಟ್ಟಬಹುದು.

ನನಗೆ ಅವನು ಕೊಟ್ಟ ಕೆಲಸ ಎರಡು. ಫೋರ್ ಹೋದಾಗಲೆಲ್ಲ ಆ್ಯಪಿನ ಹೆಸರು ಹೇಳುವುದು ಒಂದು. ಈ ಆಟ ಚಟವಾಗಬಹುದು, ನಷ್ಟವಾಗಬಹುದು, ಎಚ್ಚರದಿಂದ ಆಡಿ ಎಂಬ ಉದ್ದದ ಸೂಚನೆಯನ್ನು ಓದುವುದು ಇನ್ನೊಂದು. ಮೊದಲ ಸಲ ಅದನ್ನು ನಿಧಾನವಾಗಿ, ಮದುವೆ ಕರೆಯೋಲೆ ಓದುವ ಹಾಗೆ ಓದಿದೆ. ಸಾಹೇಬ ಓಡಿ ಬಂದ.

"ತಮ್ಮಾ, ಇಷ್ಟ್ ಸ್ಪಷ್ಟವಾಗಿ ಬೇಡ. ಒಂದೇ ಉಸಿರಲ್ಲಿ ಹೇಳ್ಬೇಕು."

"ಮಂದಿಗಿ ತಿಳೀಬೇಕಲ್ರಿ ಸಾರ್?"

"ಹೇಳ್ಬೇಕು ಅಂತ ಇದೆ. ತಿಳೀಬೇಕು ಅಂತ ಎಲ್ಲಿದೆ?"

ಒಂದು ವಾರ ಅಭ್ಯಾಸ ಮಾಡಿ ಅದನ್ನು ಒಂದೇ ಉಸಿರಿಗೆ ಇಳಿಸಿದೆ. ಕೆಂಭಾವಿಯಲ್ಲಿ ಸಂತೆಗೆ ಬಂದಿದ್ದ ಒಬ್ಬ ಅಮ್ಮ ನನ್ನನ್ನು ಹುಡುಕಿಕೊಂಡು ಬಂದು, "ಭಾಳ ಚಲೋ ಮಂತ್ರ ಹೇಳತಿ ಯಪ್ಪಾ, ನಮ್ಮ ಮೊಮ್ಮಗಗ ದೃಷ್ಟಿ ಆಗ್ಯದ, ಒಂದ್ಸಲ ಹೇಳು" ಅಂದಳು. ಹೇಳಿದೆ. ಮೊಮ್ಮಗ ಅಳು ನಿಲ್ಲಿಸಿದ. ಆ ಸೂಚನೆಯಿಂದ ಉಪಕಾರವಾದದ್ದು ನನಗೆ ತಿಳಿದಂತೆ ಅವನೊಬ್ಬನಿಗೇ.

ಆಮೇಲೆ ಆಟ ನೋಡುವವರ ಕತ್ತಿನ ಆಕಾರವೇ ಬದಲಾಯಿತು. ಎದುರಿಗೆ ಆಟ ನಡೆಯುತ್ತಿದ್ದರೂ ಎಲ್ಲರೂ ತೊಡೆಯ ಮೇಲಿನ ಮೊಬೈಲ್ ನೋಡುತ್ತಿದ್ದರು. ಇನ್ನೂ ವಿಚಿತ್ರವೆಂದರೆ ಚಪ್ಪಾಳೆ. ನಮ್ಮ ಓಣಿಯ ಬಸಣ್ಣ ಕಾಕಾ ನಮ್ಮ ಶಹಾಪುರದ ಹುಡುಗ ಔಟಾದರೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದ.

"ಕಾಕಾ, ಔಟಾದಾವ ನಮ್ಮಾವ್ರಿ."

"ನನ್ನ ಟೀಮಿನಾಗ ಅವ ಇಲ್ಲಲೇ."

"ನಿಮ್ಮ ಟೀಮ್ ಯಾವುದ್ರಿ?"

ಕಾಕಾ ಮೊಬೈಲ್ ತೋರಿಸಿದ. ಅದರಲ್ಲಿ ಸುರಪುರದ ನಾಲ್ವರು, ಕೆಂಭಾವಿಯ ಐವರು ಎಲ್ಲ ಸೇರಿ ಒಂದು ಟೀಮು. ಅಂಥ ಊರು ಭೂಮಿಯ ಮೇಲೆ ಇಲ್ಲ. ಆ ಊರಿಗಾಗಿ ಕಾಕಾ ಹೊಟ್ಟೆ ಉರಿಸಿಕೊಳ್ಳುತ್ತಿದ್ದ. ಬೀರಪ್ಪ ಒಂದು ಸಿಕ್ಸ್ ಹೊಡೆಸಿಕೊಂಡರೆ ಅವನನ್ನು ಎಂದೂ ನೋಡಿರದವರು ಅವನ ಮನೆಯ ಹೆಣ್ಣುಮಕ್ಕಳ ತನಕ ಬೈಯುತ್ತಿದ್ದರು. ಮೊದಲೂ ಜನ ಬೈಯುತ್ತಿದ್ದರು. ಆದರೆ ಬೈದವರೇ ಆಮೇಲೆ ಚಹಾ ಕುಡಿಸುತ್ತಿದ್ದರು. ಇವರು ಹಾಗಲ್ಲ, ಬೈದು ಮುಂದಿನ ಚೆಂಡಿಗೆ ದುಡ್ಡು ಕಟ್ಟುತ್ತಿದ್ದರು.

ಅದೇ ದಿನಗಳಲ್ಲಿ ನನಗೆ ಅಭಿಮಾನಿಗಳು ಹುಟ್ಟಿಕೊಂಡರು. ಪ್ರತಿ ಮ್ಯಾಚಿನಲ್ಲೂ ನನ್ನ ಭೋಂಗಾದ ಕಂಬಕ್ಕೇ ಒರಗಿ ಒಬ್ಬಿಬ್ಬರು ನಿಲ್ಲುತ್ತಿದ್ದರು. ಕೈಯೆತ್ತಿ ಮೊಬೈಲನ್ನು ಭೋಂಗಾದ ಬಾಯಿಗೇ ಹಿಡಿಯುತ್ತಿದ್ದರು. ಅವರಲ್ಲಿ ಕರಿ ಕನ್ನಡಕದ ಒಬ್ಬ ಎಲ್ಲ ಊರಿಗೂ ಬರುತ್ತಿದ್ದ. ನನ್ನ ದನಿ ರೆಕಾರ್ಡ್ ಮಾಡಿಕೊಂಡು ಹೋಗುತ್ತಾರೆ ಎಂದು ನಾನು ಉಬ್ಬಿದೆ. ಗಂಟಲಿಗೆ ಜ್ಯೇಷ್ಠಮಧು ತರಿಸಿದೆ, ಕೂದಲು ಬಾಚಿಕೊಳ್ಳಲು ಶುರು ಮಾಡಿದೆ. ದನಿ ರೆಕಾರ್ಡ್ ಮಾಡುವವರಿಗೆ ಕೂದಲು ಕಾಣುವುದಿಲ್ಲ ಎಂದು ಬೀರಪ್ಪ ಹೇಳಿದರೂ ಕೇಳಲಿಲ್ಲ. ಒಂದು ದಿನ ಕರಿ ಕನ್ನಡಕದವನ ಬಳಿ ಹೋಗಿ, "ಅಣ್ಣಾ, ಸಹಿ ಬೇಕೇನ್ರಿ?" ಎಂದು ಕೇಳಿಯೂ ಬಿಟ್ಟೆ. ಅವನು ನನ್ನನ್ನು ನೋಡಿದ ರೀತಿಗೆ ಕನ್ನಡಕವೇ ಬೆವರಿತು.

ಅಸಲು ಸಂಗತಿ ತಿಳಿಸಿದವರು ಕ್ಯಾಮೆರಾದವರು. ಮೈದಾನದಲ್ಲಿ ನಡೆದದ್ದು ಮೊಬೈಲಿನಲ್ಲಿ ಕಾಣುವುದಕ್ಕೆ ಸ್ವಲ್ಪ ಹೊತ್ತು ತಡವಾಗುತ್ತದೆ. ಭೋಂಗಾ ತಡ ಮಾಡುವುದಿಲ್ಲ. ಇವರು ಫೋನ್ ಹಚ್ಚಿಟ್ಟು ನನ್ನ ದನಿಯನ್ನು ದೂರದಲ್ಲಿ ಕೂತವರಿಗೆ ಕೇಳಿಸುತ್ತಾರೆ. ಅವರು ಚಿತ್ರ ಬರುವ ಮೊದಲೇ ನನ್ನ ಮಾತು ಕೇಳಿ ದುಡ್ಡು ಕಟ್ಟುತ್ತಾರೆ. ಅವರಿಗೆ ಬೇಕಾಗಿದ್ದದ್ದು ನನ್ನ ಕಲೆಯಲ್ಲ, ನನ್ನ ಆತುರ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು.

ಬೀರಪ್ಪನ ಆಟಕ್ಕೆ ಕುತ್ತು ತಂದ ಮ್ಯಾಚು ನಡೆದದ್ದು ಭೀಮರಾಯನಗುಡಿ ಕ್ಯಾಂಪಿನ ಮೈದಾನದಲ್ಲಿ. ಕೆಂಭಾವಿಗೂ ಶಹಾಪುರಕ್ಕೂ ಆಟ. ಕೊನೆಯ ಚೆಂಡು, ಬೀರಪ್ಪನ ಕೈಯಲ್ಲಿ. ಒಂದು ಸಿಕ್ಸ್ ಹೋದರೆ ಶಹಾಪುರ ಗೆಲ್ಲುತ್ತದೆ. ಬೀರಪ್ಪ ಹಾಕಿದ, ಬ್ಯಾಟ್ಸ್‌ಮನ್ ಎತ್ತಿ ಹೊಡೆದ. ಚೆಂಡು ಕಾಲುವೆ ಕಡೆಗೆ ಏರಿತು. ನಾನು ಕುರ್ಚಿ ಮೇಲೆ ಹತ್ತಿ ನಿಂತು ಶುರು ಮಾಡಿದೆ, "ಹೋತ್... ಹೋತ್... ಹೋತು." ಗಡಿಯ ಹಗ್ಗದ ಹತ್ತಿರ ಕೆಂಭಾವಿಯ ಹುಡುಗ ಓಡಿ ಬಂದು ಹಿಡಿದ. "ವಿಕೆಟ್ಟು" ಎಂದು ನಾನು ಕಿರುಚಿದೆ. ಆದರೆ ಭೋಂಗಾದಿಂದ ದನಿ ಬರಲಿಲ್ಲ. ಹೋತು ಎನ್ನುವುದಕ್ಕೂ ವಿಕೆಟ್ಟು ಎನ್ನುವುದಕ್ಕೂ ನಡುವೆ ಕರೆಂಟ್ ಹೋತು.

ಕಂಬದ ಕೆಳಗಿನ ಕರಿ ಕನ್ನಡಕದವನಿಗೆ ಕೇಳಿಸಿದ್ದು ಹೋತು ಅಷ್ಟೇ. ಮೇಲೇರಿದ ಚೆಂಡು ಶಾಮಿಯಾನ ಅಡ್ಡ ಬಂದು ಅವನಿಗೆ ಕಾಣಲಿಲ್ಲ. ಸಿಕ್ಸ್ ಎಂದು ಫೋನಿನಲ್ಲಿ ಹೇಳಿಬಿಟ್ಟ. ಆ ಕಡೆಯವರೆಲ್ಲ ಸಿಕ್ಸಿಗೆ ಕಟ್ಟಿದರು. ಸ್ವಲ್ಪ ಹೊತ್ತಿಗೆ ಬ್ಯಾಟರಿ ಮೇಲೆ ಓಡುವ ಕ್ಯಾಮೆರಾದ ಚಿತ್ರ ಬಂತು, ಅದರಲ್ಲಿ ಕ್ಯಾಚು.

ಸಂಜೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಾನೂ ಬೀರಪ್ಪನೂ ನಗುತ್ತ ಚಹಾ ಕುಡಿಯುತ್ತಿದ್ದೆವು. ಕರಿ ಕನ್ನಡಕದವನು ಬಂದು ಬೀರಪ್ಪನ ಅಂಗಿ ಹಿಡಿದ. ನನ್ನದನ್ನು ಯಾಕೆ ಹಿಡಿಯಲಿಲ್ಲವೋ, ಬಹುಶಃ ಕಲಾವಿದನೆಂಬ ಗೌರವ.

"ಎಷ್ಟಕ್ಕ ಮಾರ್ಕೊಂಡಿಲೇ ಮಗನ? ಇವ ಸಿಕ್ಸ್ ಅಂತ ಒದರೋದು, ನೀ ಔಟ್ ಮಾಡೋದು. ಇಬ್ಬರೂ ಕೂಡಿ ನಮ್ಮ ಮಂದಿನ ಮುಳಗಸೀರಿ."

ಕೆಂಭಾವಿ ಬಸ್ಸಿಗೆ ಕಾದಿದ್ದ ಅಷ್ಟೂ ಜನ ತಿರುಗಿ ನೋಡಿದರು. ನಾನು ಅಡ್ಡ ಬಂದು ಕರೆಂಟಿನ ಕಥೆ ಹೇಳಿದೆ. ಕೇಳಿದವರಿಗೆ ಅದು ಇನ್ನೂ ದೊಡ್ಡ ಸುಳ್ಳಿನ ಹಾಗೆ ಕಂಡಿತು. ಬಸ್ಸು ಕೆಂಭಾವಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು: ಬೀರ್ಯಾ ಮ್ಯಾಚ್ ಮಾರ್ಕೊಂಡಾನ. ಆ ಮ್ಯಾಚು ಅವನ ತಂಡವೇ ಗೆದ್ದದ್ದು ಎಂದು ಯಾರಿಗೂ ಹೊಳೆಯಲಿಲ್ಲ. ಗೆದ್ದ ಮ್ಯಾಚನ್ನು ಮಾರಿಕೊಂಡ ಬೌಲರ್ ಜಗತ್ತಿನಲ್ಲಿ ನಮ್ಮವನೊಬ್ಬನೇ.

ಮರುದಿನ ನಾನು ಅವರ ಮನೆಗೆ ಓಡಿದೆ. ಮಾಳಪ್ಪ ಹೊಸ್ತಿಲಲ್ಲಿ ಕೂತಿದ್ದ. ಬೀರಪ್ಪನ ಕೈಯಲ್ಲಿ ಆಗಲೇ ಕೋಲಿತ್ತು.

"ಅಣ್ಣಾ, ಅದು ಕರೆಂಟ್ ಹೋತ್ರಿ. ನಾ ವಿಕೆಟ್ಟು ಅಂದಿದ್ದೆ. ಹೋತು ಅಂದ್ರ ಎರಡೂ ಆಗ್ತದ..."

"ನೀ ಹೋತು ಅಂದಿ, ನಮ್ಮ ಹೆಸರು ಹೋತು" ಎಂದ ಮಾಳಪ್ಪ. ದನಿ ಏರಿಸಲಿಲ್ಲ. "ಇವ ಮಾರ್ಕೊಂಡಾನಂತ ನಾ ಅನ್ನಂಗಿಲ್ಲಪಾ. ಮಂದಿ ಅಂತಾರ. ಅವರ ಬಾಯಿ ಹೊಲಿಯೋ ಸೂಜಿ ನನ್ನ ಹತ್ರ ಇಲ್ಲ."

ಬೀರಪ್ಪ ನನ್ನ ಕಡೆ ನೋಡದೆ ಕುರಿ ಹೊಡೆದುಕೊಂಡು ಹೋದ. ಆ ಸಲದ ಟೂರ್ನಮೆಂಟುಗಳಲ್ಲಿ ಕೆಂಭಾವಿ ತಂಡ ಒಂದನ್ನೂ ಗೆಲ್ಲಲಿಲ್ಲ.

ಅಷ್ಟರಲ್ಲಿ ಸರ್ಕಾರ ಕಾನೂನು ಮಾಡಿತು. ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳೆಲ್ಲ ಬಂದ್. ಬಸಣ್ಣ ಕಾಕಾ ಬೆಳಿಗ್ಗೆ ಮೊಬೈಲ್ ತೆರೆದು ಕಣ್ಣು ತಿಕ್ಕಿಕೊಂಡ, ಆಮೇಲೆ ಮೊಬೈಲ್ ತಿಕ್ಕಿದ. ಅವನ ಊರು, ಆ ಇಲ್ಲದ ಊರು, ರಾತ್ರೋರಾತ್ರಿ ಮುಳುಗಿತ್ತು. ಕಂಪನಿಯ ಸಾಹೇಬನ ಫೋನು ಬಂದ್. ಟಿವಿಯಲ್ಲಿ ದೇಶದ ತಂಡದವರ ಜರ್ಸಿಯ ಎದೆಯೂ ಕೆಲವು ದಿನ ಖಾಲಿಯಾಗಿ ಕಂಡಿತು. ನಮ್ಮ ಹುಡುಗರು ದರ್ಜಿಯ ಹತ್ತಿರ ಹೋಗಿ ಜರ್ಸಿಯ ಮೇಲಿನ ಆ್ಯಪಿನ ಹೆಸರಿಗೆ ತೇಪೆ ಹಾಕಿಸಿದರು. ದರ್ಜಿ ಕೈಗೆ ಸಿಕ್ಕ ಕುಪ್ಪಸದ ಖಣವನ್ನೇ ಹಚ್ಚಿಕೊಟ್ಟ. ಹನ್ನೊಂದು ಮಂದಿ ಸಾಲಾಗಿ ನಿಂತರೆ ಸೀಮಂತಕ್ಕೆ ಬಂದವರ ಹಾಗೆ ಕಾಣುತ್ತಿದ್ದರು. ಕಂಪನಿಯ ದೊಡ್ಡ ಬ್ಯಾನರನ್ನು ಖಾಜಾ ಭಾಯ್ ಹತ್ತಿ ಚೀಲಗಳ ಮೇಲೆ ಹೊದಿಸಲು ಗೆಳೆಯನಿಗೆ ಕೊಟ್ಟರು. "ಏನಾರ ಒಂದು ಕೆಲಸಕ್ಕ ಬಂತಲ್ಲ" ಎಂದರು.

ತಮ್ಮಂದಿರೇ, ಇಲ್ಲಿ ನಾನು ನಗಿಸುವುದನ್ನು ಸ್ವಲ್ಪ ನಿಲ್ಲಿಸಬೇಕು. ಆ ಕಾನೂನು ಚಲೋದೋ ಕೆಟ್ಟದ್ದೋ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ, ಯಾಕೆಂದರೆ ಶಹಾಪುರದಲ್ಲಿ ಅದರಿಂದ ಕೆಲಸ ಕಳೆದುಕೊಂಡ ಹಿರಿಯ ಉದ್ಯೋಗಿ ನಾನೇ. ಅದು ಬಂದ ಮೇಲೆ ಚಹಾದಂಗಡಿಯಲ್ಲಿ ಜನ ಕತ್ತೆತ್ತಿ ಒಬ್ಬರನ್ನೊಬ್ಬರು ನೋಡಿದ್ದು ಖರೆ. ಬಸಣ್ಣ ಕಾಕಾ ಓಣಿಯ ಹುಡುಗರ ಆಟ ನೋಡುತ್ತ ಮತ್ತೆ ನಮ್ಮ ಊರಿಗೆ ಚಪ್ಪಾಳೆ ಹೊಡೆಯಲು ಕಲಿತ. ಅಭ್ಯಾಸ ತಪ್ಪಿದ್ದರಿಂದ ಮೊದಮೊದಲು ವೈಡ್ ಬಾಲಿಗೂ ಹೊಡೆಯುತ್ತಿದ್ದ. ಆದರೆ ಕಳೆ ಕಿತ್ತಾಗ ಜೊತೆಗೆ ಒಂದಿಷ್ಟು ಪೈರೂ ಬಂತು. ಟೂರ್ನಮೆಂಟುಗಳು ನಿಂತವು, ಕ್ಯಾಮೆರಾದವರು ಮದುವೆಗೆ ಹೋದರು, ಊರೂರು ತಿರುಗಿ ಆಡುತ್ತಿದ್ದ ಹುಡುಗರು ಮನೆಯಲ್ಲಿ ಕೂತರು. ಕಂಪನಿಯ ಹಂಗಿಗೆ ಬಿದ್ದು ನಾವು ಪಟ್ಟಿ ಎತ್ತುವುದನ್ನೇ ಮರೆತಿದ್ದೆವು. ಮತ್ತೆ, ಜೂಜು ಪೂರ್ತಿ ಸತ್ತಿತ್ತು ಎಂದರೂ ಸುಳ್ಳು. ಒಂದು ದಿನ ಕರಿ ಕನ್ನಡಕದವನು ನನ್ನನ್ನೇ ಹುಡುಕಿಕೊಂಡು ಬಂದ. ಅಂಗಿ ಹಿಡಿಯಲು ಅಲ್ಲ, ನೌಕರಿ ಕೊಡಲು.

"ತಮ್ಮಾ, ಗುಟ್ಟಿನ ಗ್ರೂಪ್ ಅದ. ಮೈದಾನದಾಗ ಕುಂತು ಫೋನಿನಾಗ ಹೇಳಬೇಕು. ನಾಕು, ಆರು, ಔಟು. ಬ್ಯಾರೆ ಒಂದು ಅಕ್ಷರ ಬ್ಯಾಡ. ಹೋತು ಅಂತೂ ಬ್ಯಾಡೇ ಬ್ಯಾಡ."

"ಬರೇ ಮೂರು ಮಾತೇನ್ರಿ?"

"ಮೂರೇ."

"ಅದನ್ನ ಗಿಳಿನೂ ಹೇಳ್ತದಲ್ರಿ."

"ಗಿಳಿ ಪೊಲೀಸ್ರಿಗಿ ಹೆದರ್ತದ" ಎಂದ.

ನಾನೂ ಹೆದರುತ್ತೇನೆ ಎಂದು ಹೇಳಿ ಎದ್ದುಬಂದೆ. ಬೀರಪ್ಪನ ಮುಖ ಕಣ್ಣ ಮುಂದೆ ಬಂತು ಎಂದು ಬರೆದರೆ ಚಂದ ಇರುತ್ತದೆ. ಬಂದದ್ದು ಮಾಳಪ್ಪನ ಮುಖ.

ಸುಗ್ಗಿ ಮುಗಿದ ಮೇಲೆ ಸುರಪುರದ ಹುಡುಗರು ಊರಲ್ಲಿ ಪಟ್ಟಿ ಎತ್ತಿ ಒಂದು ಟೂರ್ನಮೆಂಟ್ ಇಟ್ಟರು. ಕಂಪನಿಯಿಲ್ಲ, ಕ್ಯಾಮೆರಾ ಇಲ್ಲ. ಗೆದ್ದವರಿಗೆ ಒಂದು ಟಗರು. ಕೆಂಭಾವಿಯ ಹುಡುಗರು ನನ್ನ ಹತ್ತಿರ ಬಂದು, ಬೀರಪ್ಪನನ್ನು ನೀನೇ ಕೆಡಿಸಿದ್ದು, ನೀನೇ ಕರೆದುಕೊಂಡು ಬಾ ಎಂದರು. ಹೋದೆ. ಅಣ್ಣತಮ್ಮಂದಿರು ಹತ್ತಿ ಕಿತ್ತ ಒಂದು ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿದ್ದರು. ಮಾಳಪ್ಪ ರೊಟ್ಟಿ ಮುರಿದು ನನಗೂ ಅರ್ಧ ಕೊಟ್ಟ.

"ಅಣ್ಣಾ, ಆ್ಯಪ್ ಎಲ್ಲಾ ಬಂದ್ ಆಗ್ಯಾವ. ಸರ್ಕಾರನೇ ಬಂದ್ ಮಾಡ್ಯದ."

"ಸರ್ಕಾರ ಸಾರಾಯಿ ಬಂದ್ ಮಾಡ್ಯದಂತ ನಮ್ಮಜ್ಜ ಹೇಳಿದ್ದ" ಎಂದ ಮಾಳಪ್ಪ. "ಕುಡದು ಬಂದೇ ಹೇಳಿದ್ದ."

ನಾನು ರೊಟ್ಟಿ ತಿಂದೆ. ಬೀರಪ್ಪ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಅವನ ಎಡಗೈ ಮಾತ್ರ ಸುಮ್ಮನಿರಲಿಲ್ಲ. ಒಂದು ಹೆಂಟೆಯನ್ನು ಬೆರಳಲ್ಲಿ ತಿರುಗಿಸುತ್ತಿತ್ತು. ಮಾಳಪ್ಪನೂ ಅದನ್ನೇ ನೋಡುತ್ತಿದ್ದ.

"ನಾನೂ ಬರ್ತೀನಿ" ಎಂದ ಕೊನೆಗೆ. "ಕುಂತು ನೋಡ್ತೀನಿ, ಮಂದಿ ಏನಂತಾರ ಕೇಳ್ತೀನಿ. ಒಂದು ಮಾತು ಅಂಥಾದು ಕಿವಿಗಿ ಬಿತ್ತಂದ್ರ, ಅದೇ ಕಡೀ ಆಟ."

ಆಗ ಬೀರಪ್ಪ ತಿರುಗಿದ. ಆ ದಿನದಿಂದ ನನ್ನ ಕೂಡ ಮಾತಾಡಿರಲಿಲ್ಲ.

"ನಂದೂ ಒಂದು ಕರಾರು ಅದ. ಇವ ಮೈಕ್ ಹಿಡದ್ರ ನಾ ಚೆಂಡು ಹಿಡಿಯಂಗಿಲ್ಲ."

ತಮಾಷೆ ಮಾಡುತ್ತಿದ್ದಾನೆ ಎಂದು ನಕ್ಕೆ. ಅವನು ನಗಲಿಲ್ಲ. ಇಡೀ ಸೇವಾವಧಿಯಲ್ಲಿ ನನಗೆ ಬಂದ ಏಕೈಕ ಸಸ್ಪೆನ್ಷನ್ ಆರ್ಡರ್ ಅದು. ಬಾಯಿಮಾತಿನಲ್ಲೇ ಜಾರಿಯಾಯಿತು. ಒಪ್ಪಿಕೊಂಡೆ.

ಸುರಪುರದ ಮೈದಾನದಲ್ಲಿ ಅವತ್ತು ಮೈಕು ಹಿಡಿದವರು ಸ್ವತಃ ಖಾಜಾ ಭಾಯ್. ಮದುವೆಗಳಲ್ಲಿ ಪಳಗಿದ ದನಿ. "ಬ್ಯಾಟಿಂಗ್ ಮಾಡಾವ್ರು ದಯಮಾಡಿ ಬರಬೇಕು" ಎಂದು ಕರೆದರು. ಓವರ್ ಮುಗಿದಾಗ, "ಮುಂದಿನ ಪಂಕ್ತಿಯವರು ಬರ್ರಿ" ಎಂದರು. ಜನ ಬಿದ್ದು ಬಿದ್ದು ನಕ್ಕರು. ನಾನು ಮೈ ಬೆವರಿಸಿ ಸಂಪಾದಿಸಿದ ನಗುವನ್ನು ಮುದುಕ ಗೊತ್ತಿಲ್ಲದೇ ಗಳಿಸುತ್ತಿದ್ದ.

ನನ್ನ ಕೆಲಸ ಮಾಳಪ್ಪನ ಪಕ್ಕ ಕೂತು ಆಟ ತಿಳಿಸುವುದು. ಸಾವಿರ ಮಂದಿಗೆ ಹೇಳುವುದು ಸುಲಭ, ಒಬ್ಬನಿಗೆ ಹೇಳುವುದು ಬಹಳ ಕಷ್ಟ. ಒಬ್ಬ ತಿರುಗಿ ಕೇಳುತ್ತಾನೆ.

"ಅವ ಯಾಕ ಓಡಾಕತ್ತಾನ?"

"ರನ್ ತಗೊಳ್ಳಾಕ್ರಿ."

"ಮತ್ತ ವಾಪಸ್ ಬಂದನಲ್ಲ?"

"ಎರಡನೇ ರನ್ನಿಗ್ರಿ."

"ಅಲ್ಲೇ ನಿಂತಿದ್ರ ಏನಾಗತಿತ್ತು?"

ನಾನು ಚಹಾ ತರಲು ಎದ್ದೆ.

ಸುರಪುರದ ಎದುರಿನ ಫೈನಲ್ ಆಟ ಕೊನೆಯ ಚೆಂಡಿಗೆ ಬಂದು ನಿಂತಿತು. ಸುರಪುರಕ್ಕೆ ಒಂದು ಫೋರ್ ಸಾಕು. ಚೆಂಡು ಬೀರಪ್ಪನ ಕೈಯಲ್ಲಿ. ಅಲ್ಲಿಯವರೆಗೆ ಅವನು ಎಷ್ಟು ಚಂದ ಹಾಕಿದ್ದನೆಂದರೆ ಸುರಪುರದವರೂ ತಲೆ ತೂಗಿದ್ದರು. ಮಾಳಪ್ಪ ಆಟ ನೋಡುತ್ತಿರಲಿಲ್ಲ. ಕಣ್ಣು ನೆಲದ ಮೇಲಿತ್ತು, ಕಿವಿ ಹಿಂದೆ ಕೂತ ಜನರ ಮೇಲಿತ್ತು. ನನಗೂ ಗೊತ್ತಿತ್ತು, ಈ ಚೆಂಡಿಗೆ ಏಟು ಬಿದ್ದರೆ ಯಾರಾದರೂ ಆ ಮಾತು ಆಡಿಯೇ ಆಡುತ್ತಾರೆ.

ಬೀರಪ್ಪ ಓಡಿ ಬಂದು ಹಾಕಿದ. ಬ್ಯಾಟು ಬೀಸಿತು. ಚೆಂಡು ಮೇಲೇರಿತು. ನನ್ನ ಬಾಯಿ ತಾನೇ ತೆರೆಯಿತು, ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ಖಾಜಾ ಭಾಯ್ ಮೈಕಿನಲ್ಲಿ ಏನೂ ಹೇಳಲಿಲ್ಲ, ಅವರಿಗೆ ಏನಾಗುತ್ತಿದೆ ಎಂದೇ ಗೊತ್ತಿರಲಿಲ್ಲ. ಇಡೀ ಮೈದಾನ ಕತ್ತೆತ್ತಿ ಚೆಂಡನ್ನೇ ನೋಡುತ್ತಿತ್ತು. ಒಂದು ಚೆಂಡು ಅಷ್ಟು ಹೊತ್ತು ಸದ್ದಿಲ್ಲದೆ ಗಾಳಿಯಲ್ಲಿರುತ್ತದೆ ಎಂದು ನನಗೆ ಅವತ್ತೇ ತಿಳಿದದ್ದು. ಅದು ಹಗ್ಗದ ಆಚೆ ಬಿತ್ತು.

ಸುರಪುರದವರು ಕುಣಿಯುತ್ತ ಮೈದಾನಕ್ಕೆ ನುಗ್ಗಿದರು. ನಮ್ಮ ಹಿಂದಿನಿಂದ ಒಂದು ದನಿ ಬಂತು:

"ಮತ್ತ ಮಾರ್ಕೊಂಡನೇನಲೇ ಇವ?"

ಮಾಳಪ್ಪ ಏಳಲು ಕಂಬಳಿಗೆ ಕೈ ಹಾಕಿದ. ಅಷ್ಟರಲ್ಲಿ ಅದೇ ಗುಂಪಿನಿಂದ ಇನ್ನೊಂದು ದನಿ:

"ಯಾರಿಗಿ ಮಾರ್ತಾನಲೇ? ಕೊಳ್ಳಾವ್ರೇ ಅಂಗಡಿ ಮುಚ್ಚಗೊಂಡು ಹೋಗ್ಯಾರ."

ಜನ ಗೊಳ್ಳೆಂದು ನಕ್ಕರು. ಮೊದಲು ಕೇಳಿದವನೂ ನಕ್ಕ. "ಅದೂ ಖರೆ ಬಿಡು. ಅಳಿಯಗ ಹೋಳಗಿ ನೀಡಿದಂಗ ಚೆಂಡು ನೀಡ್ಯಾನ, ಏನ್ ಮಾಡೋದು" ಎಂದ. ಆಮೇಲೆ ಆ ಮಾತು ಯಾರೂ ಆಡಲಿಲ್ಲ. ಫೀಲ್ಡಿಂಗ್ ಸರಿ ಇಡಬೇಕಿತ್ತು, ಚೆಂಡು ಇನ್ನೂ ಮೊಟಕಾಗಿ ಹಾಕಬೇಕಿತ್ತು ಎಂದು ಜಗಳಾಡುತ್ತ ಎದ್ದರು.

ಮಾಳಪ್ಪ ನನ್ನ ಕಡೆ ತಿರುಗಿದ. "ಏನಾತು? ಔಟಾ?"

"ಇಲ್ಲಣ್ಣಾ. ಸಿಕ್ಸ್. ನಾವು ಸೋತಿವಿ."

"ಇವ ಬೇಕಂತ ಸೋತನೇನು?"

"ಇಲ್ರಿ ಅಣ್ಣಾ. ಅವ ಚಲೋ ಹೊಡದ."

ಬೀರಪ್ಪ ಪಿಚ್ಚಿನ ಮೇಲೆ ಕೂತುಬಿಟ್ಟಿದ್ದ. ಖಣದ ತೇಪೆಯ ಜರ್ಸಿಯನ್ನು ಮುಖಕ್ಕೆ ಎಳೆದುಕೊಂಡು ಅಳುತ್ತಿದ್ದ. ಬೆನ್ನು ಕುಲುಕುತ್ತಿತ್ತು. ಗೆದ್ದವರ ಟಗರು ಅವನ ಪಕ್ಕದಲ್ಲೇ ಹಾದುಹೋದರೂ ತಲೆ ಎತ್ತಲಿಲ್ಲ. ಮಾಳಪ್ಪ ಅದನ್ನು ಸಂತೆಯಲ್ಲಿ ಕುರಿ ನೋಡುವ ಹಾಗೆ ನಿಗಾ ಇಟ್ಟು ನೋಡಿದ.

"ಕುರಿ ಮಾರಿದಾವ ಹಿಂಗ ಅಳಂಗಿಲ್ಲ" ಎಂದ. "ಕಳಕೊಂಡಾವ ಅಳತಾನ."

ಎದ್ದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಮೈದಾನದ ನಡುವೆ ನಡೆದುಹೋಗಿ ತಮ್ಮನ ತಲೆಗೆ ಒಂದು ಮೊಟಕಿದ.

"ಏಳು. ಮುಂದಿನ ಆಟ ಎಂದು ಇಟ್ಟಾರ ಕೇಳ್ಕೊಂಡು ಬಾ. ಕುರಿ ನಾ ನೋಡ್ಕೋತೀನಿ."